ಕ್ಲಾರಿಯೊನೆಟ್‌ನಲ್ಲಿ ಗಾಯಕಿ ಅಂಗ

ಹಿಂದೂಸ್ತಾನಿ ಗಾಯನದ ಭಾವ, ಉಸಿರು ಮತ್ತು ಪದವಿಂಗಡಣೆಯನ್ನು ಕ್ಲಾರಿಯೊನೆಟ್‌ನಲ್ಲಿ ಮೂಡಿಸುವ ವಾದನಕ್ರಮ. ಒಂಟಿ ರೀಡಿನ ಈ ಸುಷಿರವಾದ್ಯ 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ರೂಪುಗೊಂಡಿತು. ಉತ್ತರ ಕರ್ನಾಟಕದಲ್ಲಿ ಅದು ಹೆಚ್ಚಾಗಿ ಮದುವೆ ಮೆರವಣಿಗೆಯ ಬ್ಯಾಂಡ್ ಕಂಪನಿಗಳ ವಾದ್ಯ. ಅದನ್ನು ರಾಗವಿಸ್ತಾರಕ್ಕೆ ಒಗ್ಗಿಸಿದವರಲ್ಲಿ ರಾಯಚೂರಿನ ನರಸಿಂಹಲು ವಡವಾಟಿ ಪ್ರಮುಖರು. ಅವರ ಗುರು ಸಿದ್ಧರಾಮ ಜಂಬಲದಿನ್ನಿ ಗಾಯಕರು; ಜಂಬಲದಿನ್ನಿಯವರ ಗುರು, ಇಂದಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಪಂಚಾಕ್ಷರ ಗವಾಯಿ (1892–1944).

ಶಿಕ್ಷಣದಲ್ಲಿ ಗುರು ಹಾಡಿದ್ದನ್ನು ಶಿಷ್ಯ ಮೊದಲು ಹಾಡಿ, ಬಳಿಕ ನುಡಿಸುತ್ತಾನೆ. ಬಂದಿಶ್‌ನ, ಅಂದರೆ ಹಾಡುವ ರಚನೆಯ, ಸಾಹಿತ್ಯ ತಿಳಿದಾಗಲೇ ಉಸಿರು ಎಲ್ಲಿ ತೆಗೆಯಬೇಕೆಂಬುದು ನಿಶ್ಚಯವಾಗುತ್ತದೆ. ಮೀಂಡ್, ಅಂದರೆ ಸ್ವರಗಳ ನಡುವಿನ ಜಾರು, ಅತ್ಯಂತ ಕಠಿಣ ಭಾಗ. ಕೀಲಿಗಳುಳ್ಳ ವಾದ್ಯದಲ್ಲಿ ಸ್ವರಗಳು ಬಿಡಿಬಿಡಿಯಾಗಿ ಕೇಳಿಸುವುದರಿಂದ, ಬೆರಳನ್ನು ರಂಧ್ರದಿಂದ ನಿಧಾನವಾಗಿ ಸರಿಸುತ್ತ, ರೀಡಿನ ಮೇಲೆ ತುಟಿಯ ಒತ್ತಡವನ್ನು ಸಡಿಲಿಸಿ ಬಿಗಿಗೊಳಿಸುತ್ತ ಸ್ವರದಿಂದ ಸ್ವರಕ್ಕೆ ಜಾರಬೇಕು. ನಾಲಗೆಯ ಹೊಡೆತವನ್ನು ಪದದ ಆರಂಭಕ್ಕೆ ಮಿತಗೊಳಿಸಿದರೆ ವಾದನ ಕಂಠಕ್ಕೆ ಸಮೀಪಿಸುತ್ತದೆ. ಮೇಲ್‌ಸ್ಥಾಯಿಗೆ ಊದಿದಾಗ ಕೊಳಲು ಅದೇ ಸ್ವರದ ತಾರಕ್ಕೇರಿದರೆ, ಕ್ಲಾರಿಯೊನೆಟ್ ಅದರಾಚೆಯ ಪಂಚಮಕ್ಕೇರುತ್ತದೆ. ಹಾಗಾಗಿ ಸಪ್ತಕ ದಾಟುವಾಗ ಬೆರಳಿನ ವಿನ್ಯಾಸವೇ ಬದಲಾಗುತ್ತದೆ.