ಗಾಜಿನೊಳಗಿನ ಮರೆ: ಜೀಬ್ರಾ ಪ್ಲೆಕೊ ಸಾಕಣೆಯ ಚರಿತ್ರೆ

ಮನೆಯ ಅಕ್ವೇರಿಯಂ ಹುಟ್ಟಿದ್ದು ನೀರಿನೊಳಗನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಚಿನ್ನದ ಮೀನು, ನೀರ್ಗಿಡ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿ ಇರಿಸಿ, ಗಿಡ ಬಿಡುವ ಆಮ್ಲಜನಕದಿಂದ ಮೀನೂ, ಗಿಡದ ಕೊಳೆತ ಭಾಗಗಳಿಂದ ಹುಳುವೂ ಬದುಕಬಲ್ಲವೆಂದು 1850ರಲ್ಲಿ ಅಲ್ಲಿನ ರಸಾಯನಶಾಸ್ತ್ರ ಸಂಘಕ್ಕೆ ವರದಿ ಮಾಡಿದನು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಅಕ್ವೇರಿಯಂ ಕುರಿತ ಪುಸ್ತಕ ಈ ಹವ್ಯಾಸವನ್ನು ಮಧ್ಯಮವರ್ಗದ ಮನೆಗಳಿಗೆ ಒಯ್ದಿತು. ಹಗಲಿನಲ್ಲಿ, ಗಾಜಿನ ಎದುರಿಗೆ, ಮೈಬಣ್ಣ ತೋರುತ್ತ ಈಜುವ ಮೀನಿಗೆ ಬೆಲೆ ಬಂದದ್ದು ಇದರಿಂದಾಗಿ ಸಹಜವೇ ಆಗಿತ್ತು. ಕ್ಯಾಟ್‌ಫಿಶ್ ಅಥವಾ ಬೆಕ್ಕುಮೀನುಗಳ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ನಮ್ಮ ಕೆರೆಗಳ ಚೇಳುಮೀನೂ ಸೇರಿರುವ ಈ ದೊಡ್ಡ ಗಣದ ಬಹುಪಾಲು ಜಾತಿಗಳು ಬಾಯಿಯ ಸುತ್ತಲಿನ ಮೀಸೆಗಳಿಂದ ತಳವನ್ನು ತಡವಿ ಆಹಾರ ಹುಡುಕುವ, ಕತ್ತಲಲ್ಲಿ ಚುರುಕಾಗುವ ಜೀವಿಗಳು. ಹಲವು ಜಾತಿಗಳ ಮರಿಗಳಂತೂ ಬೆಳಕಿದ್ದಷ್ಟು ಹೊತ್ತು ಮರೆ ಬಿಟ್ಟು ಕದಲುವುದಿಲ್ಲ.

ಮನೆಯ ತೊಟ್ಟಿಗೆ ಮೊದಲು ಒಗ್ಗಿದ ಬೆಕ್ಕುಮೀನುಗಳಲ್ಲಿ ದಕ್ಷಿಣ ಅಮೆರಿಕದ ಕೋರಿಡೋರಾಸ್ ಗುಂಪಿನ ಒಂದು ಪುಟ್ಟ ಜಾತಿ ಮುಖ್ಯವಾದುದು. ಬೀಗಲ್ ನೌಕೆಯ ಯಾನದಲ್ಲಿ ಚಾರ್ಲ್ಸ್ ಡಾರ್ವಿನ್ ಸಂಗ್ರಹಿಸಿ ತಂದಿದ್ದ ಮೀನುಗಳಲ್ಲಿ ಇದೂ ಒಂದಾಗಿದ್ದು, ಲಿಯೊನಾರ್ಡ್ ಜೆನಿನ್ಸ್ ಇದನ್ನು 1842ರಲ್ಲಿ ವೈಜ್ಞಾನಿಕವಾಗಿ ವರ್ಣಿಸಿದನು. 1870ರ ದಶಕದ ಕೊನೆಯ ವರ್ಷಗಳಲ್ಲಿ ಪ್ಯಾರಿಸ್ಸಿನ ಪಿಯರ್ ಕಾರ್ಬೊನಿಯೆ ಇದರಿಂದ ಮರಿ ಪಡೆದನು. ಗುಂಪಿನಲ್ಲಿದ್ದರೆ ಹಗಲಿನಲ್ಲೂ ಹೊರಬಂದು ಮರಳು ಕೆದಕುವ, ಒಂಟಿಯಾದರೆ ಮೂಲೆ ಸೇರುವ ಈ ಮೀನು, ಅಂಜಿಕೆ ಎಂಬುದು ಮೀನಿನ ದೋಷವಲ್ಲ, ಅದನ್ನು ಇರಿಸಿದ ಪರಿಸರದ ಕೊರತೆಯೆಂಬ ಪಾಠವನ್ನು ಅಂದೇ ಕಲಿಸಬಹುದಿತ್ತು. ಆ ಪಾಠ ಹವ್ಯಾಸಿಗಳಿಗೆ ಮನದಟ್ಟಾಗಲು ಇನ್ನೂ ನೂರು ವರ್ಷ ಬೇಕಾಯಿತು.

ಮನದಟ್ಟು ಮಾಡಿಸಿದವು ಲೋರಿಕೇರಿಡೆ ಕುಟುಂಬದ ಮೀನುಗಳು. ಮೈಮೇಲೆ ಎಲುಬಿನ ಫಲಕಗಳ ಕವಚವಿದ್ದು, ಕೆಳಮುಖವಾದ ಬಾಯಿಯಿಂದ ಕಲ್ಲಿಗೆ ಅಂಟಿಕೊಳ್ಳುವ ಇವುಗಳನ್ನು ಹವ್ಯಾಸಿಗಳು ಪ್ಲೆಕೊ ಎನ್ನುತ್ತಾರೆ; ಪ್ಲೆಕೋಸ್ಟೋಮಸ್ ಎಂಬ ಹಳೆಯ ಕುಲನಾಮದ ಮೊಟಕು ರೂಪವಿದು. ನಮ್ಮ ಅಂಗಡಿಗಳಲ್ಲಿ ಗಾಜಿನ ಪಾಚಿ ತಿನ್ನಲೆಂದು ಮಾರುವ ಸಕರ್ ಮೀನು ಇದೇ ಕುಟುಂಬದ್ದು. 1980ರ ದಶಕದಲ್ಲಿ ಅಮೆಜಾನ್ ಪ್ರದೇಶದಿಂದ ಹೆಸರೇ ಇಲ್ಲದ ಪ್ಲೆಕೊಗಳು ಯುರೋಪಿಗೆ ಎಷ್ಟು ವೇಗವಾಗಿ ಬರತೊಡಗಿದವೆಂದರೆ, ವಿಜ್ಞಾನಿಗಳ ನಾಮಕರಣಕ್ಕಾಗಿ ಕಾಯಲಾಗದ ಜರ್ಮನಿಯ ಡಾಟ್ಸ್ ಎಂಬ ಅಕ್ವೇರಿಯಂ ಪತ್ರಿಕೆ 1988ರಲ್ಲಿ ಚಿತ್ರದೊಡನೆ ಒಂದೊಂದಕ್ಕೂ ಸಂಖ್ಯೆ ಕೊಡಲು ಆರಂಭಿಸಿತು. ಕುಟುಂಬದ ಹೆಸರಿನ ಮೊದಲಕ್ಷರ ಹೊತ್ತ ಈ 'ಎಲ್ ಸಂಖ್ಯೆ'ಗಳು ಇಂದಿಗೂ ಬಳಕೆಯಲ್ಲಿವೆ.

ಅವುಗಳಲ್ಲಿ ಎಲ್ 46 ಎಂಬುದು ಮಿಕ್ಕೆಲ್ಲವನ್ನೂ ಮೀರಿಸಿದ ಮೀನು. ಹಾಲುಬಿಳುಪಿನ ಮೈಮೇಲೆ ಕಡುಗಪ್ಪು ಪಟ್ಟೆ, ಉದ್ದ ಹೆಚ್ಚೆಂದರೆ ಬೆರಳಿನಷ್ಟು. ಐಸ್‌ಬ್ರೂಕರ್ ಮತ್ತು ನೈಸೆನ್ ಎಂಬ ಡಚ್ ವಿದ್ವಾಂಸರು 1991ರಲ್ಲಿ ಇದಕ್ಕೆ ಹೈಪನ್ಸಿಸ್ಟ್ರಸ್ ಜೀಬ್ರಾ ಎಂದು ಹೆಸರಿಟ್ಟರು. ಪಟ್ಟೆ ತುಂಡಾದ ಕೆಲವನ್ನು ಬೇರೆ ಜಾತಿಯೆಂದು ಬಗೆದು ಎಲ್ 98 ಎಂಬ ಇನ್ನೊಂದು ಸಂಖ್ಯೆ ಕೊಟ್ಟಿದ್ದರೂ ಅವೂ ಇದೇ ಮೀನು. ಇಡೀ ಜಗತ್ತಿನಲ್ಲಿ ಇದರ ನೆಲೆ ಒಂದೇ: ಬ್ರೆಜಿಲ್‌ನ ಪಾರಾ ರಾಜ್ಯದ ಆಲ್ಟಮಿರಾ ಪಟ್ಟಣದ ಬಳಿ ಶಿಂಗು ನದಿ ದೊಡ್ಡದಾಗಿ ಬಾಗುವ 'ವೋಲ್ಟಾ ಗ್ರಾಂಡೆ' ಎಂಬ ತಿರುವು ಮತ್ತದರ ಆಸುಪಾಸು. ಅಲ್ಲಿನ ಮೀನುಗಾರರು ದೋಣಿಯ ಕಂಪ್ರೆಸರ್‌ನಿಂದ ಕೊಳವೆಯ ಮೂಲಕ ಉಸಿರೆಳೆದುಕೊಳ್ಳುತ್ತ ಮುಳುಗಿ, ಬಂಡೆಯ ಬಿರುಕುಗಳೊಳಗೆ ಕೈಯಾಡಿಸಿ, ಒಂದೊಂದಾಗಿ ಇದನ್ನು ಹಿಡಿಯುತ್ತಿದ್ದರು. ಅಪಾಯದ ದುಡಿಮೆ ಅವರದು, ಲಾಭ ದೂರದ ವ್ಯಾಪಾರಿಗಳದು. 2004ರಲ್ಲಿ ಬ್ರೆಜಿಲ್ ಈ ಮೀನನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿ ಹಿಡಿಯುವುದನ್ನು ನಿಷೇಧಿಸಿದ ಮೇಲೆ, ಕೊಲಂಬಿಯದ ಗಡಿಯ ಮೂಲಕ ಕಳ್ಳಸಾಗಣೆಯ ದಾರಿ ತೆರೆದುಕೊಂಡಿತು.

ಮನೆಗೆ ಬಂದ ಜೀಬ್ರಾವನ್ನು ಆರಂಭದ ಸಾಕಣೆಗಾರರು ಸಕರ್ ಮೀನಿನ ಲೆಕ್ಕದಲ್ಲೇ ನೋಡಿ, ಬೆಳಕು ಚೆಲ್ಲಿದ ಬಯಲು ತೊಟ್ಟಿಯಲ್ಲಿ ಬಿಟ್ಟರೆ ಅದು ಪಾಚಿಯನ್ನು ಮುಟ್ಟದೆ ಸೊರಗುತ್ತಿತ್ತು. ಏಕೆಂದರೆ ಅದು ಮುಖ್ಯವಾಗಿ ಸಣ್ಣ ಜೀವಿಗಳನ್ನು ಬಯಸುವ, ಚುರುಕಾದ ಮೀನುಗಳೊಡನೆ ತಿನಿಸಿಗೆ ಸ್ಪರ್ಧಿಸಲಾರದ ಮೀನು. ಪ್ಲೆಕೊಗಳ ಕಣ್ಣಿನ ರಚನೆಯೇ ಅವುಗಳ ಬದುಕನ್ನು ಹೇಳುತ್ತದೆ: ಪಾಪೆಯ ಮೇಲ್ಭಾಗದಿಂದ ಇಳಿಬಿದ್ದ ಪುಟ್ಟ ಪರದೆಯೊಂದು ಬೆಳಕು ಹೆಚ್ಚಾದಂತೆ ಹಿಗ್ಗಿ ಕಣ್ಣಿಗೆ ನೆರಳು ಮಾಡುತ್ತದೆ. ಇದನ್ನು ಅರಿತವರು ತೊಟ್ಟಿಯ ತಳದಲ್ಲಿ ಕಲ್ಲು ಪೇರಿಸಿ, ಒಂದು ತುದಿ ಮುಚ್ಚಿದ, ಗಂಡುಮೀನಿಗೆ ಬಿಗಿಯಾಗಿ ಹೊಂದುವಷ್ಟೇ ಅಗಲದ ಮಣ್ಣಿನ ನಳಿಗೆಗಳನ್ನು ಇಟ್ಟು, ನೀರನ್ನು 28 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಿಸಿ, ಹೊಳೆಯ ಸೆಳವನ್ನು ಪಂಪಿನಿಂದ ಉಂಟುಮಾಡಿ, ದೀಪ ಆರಿದ ಮೇಲೆ ತಿನಿಸು ಹಾಕತೊಡಗಿದರು. ಆಗ ಮೊಟ್ಟೆ ಬಂತು. ಒಂದು ಸಲಕ್ಕೆ ಹತ್ತು-ಹದಿನೈದು ಮೊಟ್ಟೆಯಷ್ಟೇ ಆದರೂ, ಗಂಡು ನಳಿಗೆಯ ಬಾಯಿಗೆ ಅಡ್ಡವಾಗಿ ಕುಳಿತು ರೆಕ್ಕೆಯಿಂದ ನೀರು ಬೀಸುತ್ತ ಅವನ್ನು ಕಾಯುತ್ತದೆ. ಒಡೆದು ಬಂದ ಮರಿಗಳು ಹೊಟ್ಟೆಗಂಟಿದ ಹಳದಿ ಭಂಡಾರ ಕರಗುವವರೆಗೂ ತಂದೆಯ ಮೈ ಹಿಂದೆಯೇ ಇರುತ್ತವೆ. ಹೊರಬಿದ್ದ ಮರಿ ಮತ್ತೊಂದು ಬಿರುಕನ್ನು ಹುಡುಕುತ್ತದೆ. ಸಾಕಿದವರಿಗೆ ಅದು ವಾರಗಟ್ಟಲೆ ಕಾಣದಿರುವುದೂ ಉಂಟು. ನೋಡಲೆಂದೇ ಕಟ್ಟಿದ ಗಾಜಿನ ಪೆಟ್ಟಿಗೆಯಲ್ಲಿ, ನೋಡುವ ಹಟ ಬಿಟ್ಟವರಿಗೆ ಮಾತ್ರ ಸಂತತಿ ಒಲಿಯಿತು.

ಈ ಅರಿವು ಹವ್ಯಾಸಿಗಳಲ್ಲಿ ನೆಲೆಗೊಳ್ಳುತ್ತಿದ್ದ ಕಾಲದಲ್ಲೇ ಶಿಂಗುವಿನ ಬಿರುಕುಗಳ ಸ್ಥಿತಿ ಬದಲಾಯಿತು. 11,233 ಮೆಗಾವಾಟ್ ಸಾಮರ್ಥ್ಯದ ಬೆಲೊ ಮೊಂಟೆ ಜಲವಿದ್ಯುತ್ ಯೋಜನೆಯ ಕಾಮಗಾರಿ 2011ರಲ್ಲಿ ಆರಂಭವಾಗಿ, 2016ರಲ್ಲಿ ವಿದ್ಯುತ್ ಉತ್ಪಾದನೆ ಮೊದಲಾದಾಗ, ನದಿಯ ಬಹುಪಾಲು ನೀರು ಕಾಲುವೆಯ ಮೂಲಕ ತಿರುವನ್ನು ಬಿಟ್ಟು ನೇರ ಹರಿಯತೊಡಗಿತು. ತಿರುವಿನ ದಡದಲ್ಲಿ ಬದುಕುವ ಜುರುನಾ ಮತ್ತು ಅರಾರಾ ಜನರ ಮೀನುಗಾರಿಕೆಗೂ, ಸೆಳವಿನ ನೀರಿಲ್ಲದೆ ಬದುಕಲಾರದ ಜೀಬ್ರಾಕ್ಕೂ ಬಿದ್ದ ಪೆಟ್ಟು ಒಂದೇ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೂರನೆಯ ಅನುಬಂಧಕ್ಕೆ ಬ್ರೆಜಿಲ್ 2017ರಲ್ಲಿ ಈ ಮೀನನ್ನು ಸೇರಿಸಿತು. ಇಂದು ನ್ಯಾಯವಾಗಿ ಕೈಬದಲಾಗುವ ಜೀಬ್ರಾ ಮರಿಗಳು ಯಾವುದೋ ಮನೆಯ ಮಣ್ಣಿನ ನಳಿಗೆಯಲ್ಲಿ, ನದಿಯನ್ನೇ ಕಾಣದ ಗಂಡೊಂದರ ಮೈ ಹಿಂದೆ ಕಣ್ತೆರೆದವು.