ಹರಿಗೋಲಿನ ಚರ್ಮ, ಹಲಗೆಯ ಗಾಜು

ಮಳೆಗಾಗಿ ಮುಗಿಲು ನೋಡುವ ಜಗಳೂರಿನವನಿಗೆ ಸರ್ಫಿಂಗ್ ಹಲಗೆಯ ಚರಿತ್ರೆಯೇಕೆ ಎಂದು ಓದುಗರು ನಗಬಹುದು. 2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದಂದಿನಿಂದ ಅದು ನಮ್ಮ ನಾಡಿನ ಚರಿತ್ರೆಯೂ ಹೌದು.

ದೊಡ್ಡ ಅಲೆ ಬಹು ವೇಗವಾಗಿ ಬರುತ್ತದೆ. ಅದನ್ನು ಹಿಡಿಯಲು ಹಲಗೆ ಉದ್ದವಾಗಿಯೂ ಕಿರಿದಾಗಿಯೂ ಇರಬೇಕು. 1957ರಲ್ಲಿ ಗ್ರೆಗ್ ನೋಲ್ ಮತ್ತು ಸಂಗಡಿಗರು ಹವಾಯಿಯ ವೈಮಿಯಾ ಕೊಲ್ಲಿಯ ಅಲೆಗಳನ್ನೇರಿದರು. ಆ ಕಾಲದಲ್ಲಿ ಪ್ಯಾಟ್ ಕರನ್ ಇಂಥ ಹಲಗೆಗಳನ್ನು ಬಾಲ್ಸಾ ಮರದಲ್ಲಿ ಕೈಯಿಂದಲೇ ರೂಪಿಸುತ್ತಿದ್ದರು. ಬಾಲ್ಸಾ ಹಗುರ, ಆದರೆ ನೀರು ಕುಡಿಯುವ ಮರ. ಆದ್ದರಿಂದ ಗಾಜಿನೆಳೆಯ ಬಟ್ಟೆ ಹೊದಿಸಿ, ರಾಳ ಸುರಿದು, ಅದು ಗಟ್ಟಿಯಾಗುವ ಮುನ್ನವೇ ಗುಳ್ಳೆಯುಳಿಯದಂತೆ ಸವರಬೇಕು. ಎಲ್ಲಿಯಾದರೂ ಬಿರುಕು ಬಿಟ್ಟರೆ ಮರ ನೆನೆದು ಭಾರವಾಗುತ್ತದೆ, ಕ್ರಮೇಣ ಕೊಳೆಯುತ್ತದೆ.

ಹೊನ್ನಾಳಿಯ ಹೊಳೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಈ ಉಪಾಯ ಹೊಸತೆನಿಸದು. ಅಲ್ಲಿಯೂ ಒಳಗೆ ಹಗುರವಾದ ಬಿದಿರ ಬುಟ್ಟಿ, ಹೊರಗೆ ನೀರು ತಡೆಯುವ ಚರ್ಮ. ಕುಳಿತವರ ಕಣ್ಣೆಲ್ಲ ಆ ಹೊಲಿಗೆಯ ಮೇಲೆಯೇ.