ಬೀಜದ ದಾರಿ ಬೇರೆ, ಹೆಸರಿನ ದಾರಿ ಬೇರೆ

ಮೂಡಿಗೆರೆ ಕಡೆ "ಅವರಿಗೆ ಹತ್ತೆಕ್ರೆ ಕಾಪಿ ಇದೆ" ಎಂದರೆ ತೋಟ. ಹೂಮಳೆ ಬಿದ್ದು ವಾರ ಕಳೆದ ಮೇಲೆ "ಕಾಪಿ ಹೂವಾಗಿದೆ" ಎಂದರೆ ಗಿಡ. "ಕಾಪಿ ಕುಯ್ಯೋಕೆ ಆಳಿಲ್ಲ" ಎಂದರೆ ಹಣ್ಣು. ಕಣದಲ್ಲಿ ಒಣಗುವುದೂ ಕಾಪಿ, ಲೋಟದಲ್ಲಿ ಹಬೆಯಾಡುವುದೂ ಕಾಪಿ. ತವರಿನಲ್ಲಿ ಈ ಪದಕ್ಕೆ ಇಷ್ಟೊಂದು ಹೊರೆ ಇರಲಿಲ್ಲ.

ಅರಬರ ಕಹ್ವಾ

ಅರಬ್ಬಿಯಲ್ಲಿ 'ಕಹ್ವಾ' ಎಂದರೆ ಕುಡಿಯುವ ಕಾಫಿ. ಬೀಜಕ್ಕೆ 'ಬುನ್' ಎಂಬ ಬೇರೆಯೇ ಪದವಿದೆ. ಅದಕ್ಕೂ ಹಿಂದೆ ಕಹ್ವಾ ಮದ್ಯದ ಹೆಸರಾಗಿತ್ತು. ಹಸಿವು ಅಡಗಿಸುವಂಥದು ಎಂದು ಹಳೆಯ ನಿಘಂಟುಕಾರರು ಅದನ್ನು ಬಿಡಿಸುತ್ತಾರೆ. 15ನೇ ಶತಮಾನದಲ್ಲಿ ಯೆಮನ್ನಿನ ಸೂಫಿಗಳು ರಾತ್ರಿಯ ಧ್ಯಾನಕ್ಕೆ ನಿದ್ದೆ ತಡೆಯಲು ಕಾಫಿ ಕುಡಿಯತೊಡಗಿದರು. ಮತ್ತೇರಿಸುವ ಪಾನೀಯದ ಹೆಸರು ಎಚ್ಚರ ಕೊಡುವುದಕ್ಕೆ ಅಂಟಿತು!

ಇಥಿಯೋಪಿಯದ ಕಾಫಾ ಪ್ರಾಂತ್ಯವೇ ಈ ಹೆಸರಿನ ಮೂಲ ಎಂಬ ವಾದವೂ ಇದೆ. ನಂಬುವುದು ಕಷ್ಟ. ಆ ದೇಶದ ಅಮ್ಹಾರಿಕ್, ಒರೊಮೊ ಎರಡರಲ್ಲೂ ಕಾಫಿಗೆ 'ಬುನ' ಎಂದೇ ಹೆಸರು.

ಹ ಹೋಗಿ ಪ ಬಂತು

ತುರ್ಕರ ಬಾಯಲ್ಲಿ ಅದು 'ಕಹ್ವೆ', ಇಟಲಿಯವರಿಗೆ 'ಕಫ್ಫೆ', ಡಚ್ಚರಿಗೆ 'ಕೊಫಿ', ಇಂಗ್ಲಿಷರಿಗೆ 'ಕಾಫಿ'. ಅರಬ್ಬಿ, ತುರ್ಕಿ, ಇಂಗ್ಲಿಷ್, ಕನ್ನಡ ನಾಲ್ಕೂ ಬೇರೆ ಬೇರೆ ಕುಲದ ಭಾಷೆಗಳು. ಫ ನಮ್ಮ ಹಿರಿಯರ ನಾಲಿಗೆಗೆ ಹೊಸದು, ಹಾಗಾಗಿ ಕಾಪಿ. ತಮಾಷೆ ನೋಡಿ: ಹಳಗನ್ನಡದ 'ಪಾಲ್' ಪ ಬಿಟ್ಟು 'ಹಾಲು' ಆಯಿತು, ಅದಕ್ಕೆ ಬೆರೆಸುವ ಕಹ್ವಾ ಹ ಬಿಟ್ಟು ಕಾಪಿ ಆಯಿತು. ಕಾಶ್ಮೀರದಲ್ಲಿ ಉಚ್ಚಾರ ಉಳಿಯಿತು, ಅರ್ಥ ಜಾರಿತು. ಅಲ್ಲಿಯ ಕಹ್ವಾ ಕೇಸರಿ ಹಾಕಿದ ಹಸಿರು ಚಹಾ.

ಗಿರಿಗೆ ಬಂದದ್ದು

17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮನ್ನಿನ ಮೋಕಾ ಬಂದರಿನಿಂದ 7 ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂಬುದು ಪ್ರತೀತಿ. ಬೀಜ ಅರಬ್ಬಿ ಸಮುದ್ರ ದಾಟಿ ನೇರ ಬಂತು. ನಾವು ಬಳಸುವ ಹೆಸರು ಮಾತ್ರ ತುರ್ಕಿ, ಯುರೋಪು ಸುತ್ತಿ, ಬಿಳಿಯರ ಜೊತೆ ಬಂತು.

ಒಂದೇ ಪದ, ಎರಡು ಸಲ

ಫ್ರೆಂಚರಲ್ಲಿ ಪಾನೀಯಕ್ಕೂ ಅದನ್ನು ಮಾರುವ ಅಂಗಡಿಗೂ 'ಕೆಫೆ' ಎಂಬ ಒಂದೇ ಹೆಸರು. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಶುರುಮಾಡಿದ 'ಕೆಫೆ ಕಾಫಿ ಡೇ' ಫಲಕದಲ್ಲಿ ಕಹ್ವಾ ಎರಡು ವೇಷದಲ್ಲಿ ಅಕ್ಕಪಕ್ಕ ಕೂತಿದೆ.

ಕಾಪಿ ರಾಗಕ್ಕೂ ಲೋಟದ ಕಾಪಿಗೂ ನಂಟಿಲ್ಲ. ತೋಟದ ಕಪಿಗೂ ಇಲ್ಲ. ಹಣ್ಣು ಕೆಂಪಾದಾಗ ಅದು ಹಾಜರಾಗುವುದು ಬೇರೆ ಮಾತು.